ಬರಿನೀರಿನ ಸಾಲು

ಇಲಿಮರಿಯ ಕಿವಿಯಂಚಿನಿಂದ ಸಾಸಿವೆಕಾಳಿನಷ್ಟು ಚೂರು ತೆಗೆಯುವುದು ಕ್ರೈನಾಳ ಬೆಳಗಿನ ಮೊದಲ ಕೆಲಸ. ಮರಿ ಒಮ್ಮೆ ಕಿಚ್ಚೆನ್ನುವುದರೊಳಗೆ ಅದು ಮುಗಿದು, ಮರಿ ತಾಯಿಯ ಹೊಟ್ಟೆಯಡಿಗೆ ವಾಪಸು ಸೇರಿರುತ್ತಿತ್ತು. ಲೈಡನ್ ಊರಿನ ಆ ಲ್ಯಾಬಿನಲ್ಲಿ ಒಂಬತ್ತು ವರ್ಷದಿಂದ ಅವಳು ಇದನ್ನೇ ಮಾಡುತ್ತಿದ್ದಳು. ಬೇಸರವೇನೂ ಇರಲಿಲ್ಲ. ಇಲಿಗಳು ಮೀಟಿಂಗು ಕರೆಯುವುದಿಲ್ಲ ಎನ್ನುವುದೇ ಅವಳ ಮಟ್ಟಿಗೆ ದೊಡ್ಡ ಗುಣ.

ಅವು ಸಾಮಾನ್ಯ ಇಲಿಗಳಲ್ಲ. ಹಂಟಿಂಗ್ಟನ್ ಎಂಬ ಕಾಯಿಲೆ ತರುವ ಮನುಷ್ಯರ ಜೀನೊಂದನ್ನು ಅವುಗಳ ವಂಶದೊಳಗೆ ಸೇರಿಸಿದ್ದರು. ಆ ಜೀನಿನಲ್ಲಿ ಮೂರಕ್ಷರದ ಒಂದು ತುಣುಕು ಇದೆ. ಪದ್ಯದ ಮುಂದಿನ ಸಾಲು ಮರೆತ ಮಗುವಿನ ಹಾಗೆ ಅದು ಹೇಳಿದ್ದನ್ನೇ ಹೇಳುತ್ತದೆ. ಎಲ್ಲ ಮನುಷ್ಯರಲ್ಲೂ ಹೇಳುತ್ತದೆ. ಇಪ್ಪತ್ತು ಸಲ ಹೇಳಿ ನಿಲ್ಲಿಸಿದರೆ ತೊಂದರೆಯಿಲ್ಲ. ನಲವತ್ತು ದಾಟಿತೋ, ನಡುವಯಸ್ಸಿನಲ್ಲಿ ಕೈಕಾಲು ತಮ್ಮಷ್ಟಕ್ಕೆ ಕುಣಿಯತೊಡಗುತ್ತವೆ, ನಾಲಿಗೆ ತೊದಲುತ್ತದೆ, ಬುದ್ಧಿ ಮಂಕಾಗುತ್ತದೆ, ಕೆಲವು ವರ್ಷಗಳಲ್ಲಿ ಮನುಷ್ಯ ಮುಗಿಯುತ್ತಾನೆ. ಅಪ್ಪನಿಗೋ ಅಮ್ಮನಿಗೋ ಇದ್ದರೆ ಪ್ರತಿ ಮಗುವಿಗೂ ಬರುವ ಸಂಭವ ಅರ್ಧಕ್ಕರ್ಧ. ವಾಸಿಮಾಡುವ ಔಷಧಿ ಇಲ್ಲ. ಇಲಿಗಳನ್ನು ಸಾಕಿರುವುದೇ ಅದನ್ನು ಹುಡುಕಲಿಕ್ಕೆ. ಬೆಟ್ಟ ಅಗೆದು ಇಲಿ ಹಿಡಿದರು ಎಂದು ನಾವು ನಗುತ್ತೇವಲ್ಲ, ಇಲ್ಲಿನವರು ಇಲಿ ಹಿಡಿದುಕೊಂಡು ಬೆಟ್ಟ ಅಗೆಯುತ್ತಿದ್ದರು. ಬೆಟ್ಟ ಹಾಗೇ ಇತ್ತು.

ಹುಟ್ಟಿದ ಮರಿಗಳಲ್ಲಿ ಯಾವುದಕ್ಕೆ ಆ ಜೀನು ಬಂದಿದೆ, ಯಾವುದಕ್ಕೆ ಇಲ್ಲ ಎಂದು ಹೇಳುವುದು ಕ್ರೈನಾಳ ಪಾಲಿನ ಕೆಲಸ. ಕಿವಿಯ ಚೂರನ್ನು ಕರಗಿಸಿ ಯಂತ್ರಕ್ಕೆ ಹಾಕಬೇಕು. ಯಂತ್ರ ಅದರೊಳಗಿಂದ ಮನುಷ್ಯರ ಜೀನನ್ನು ಮಾತ್ರ ಹುಡುಕಿ ರಾಶಿ ರಾಶಿ ನಕಲು ಮಾಡಿಕೊಡುತ್ತದೆ. ಅದನ್ನು ಜೆಲ್ಲಿಯಂಥ ತೆಳು ಹಲಗೆಯ ಮೇಲೆ ವಿದ್ಯುತ್ ಹರಿಸಿ ಓಡಿಸಬೇಕು. ಗಿಡ್ಡ ತುಣುಕು ಬೇಗ ಓಡಿ ತಳಕ್ಕೆ ಹೋಗುತ್ತದೆ, ಉದ್ದದ್ದು ಮೇಲೆಯೇ ಏದುಸಿರು ಬಿಡುತ್ತ ಉಳಿಯುತ್ತದೆ. ಚಿತ್ರ ತೆಗೆದರೆ ಸಾಲುಸಾಲಾಗಿ ಹೊಳೆಯುವ ಗೆರೆಗಳು ಕಾಣುತ್ತವೆ. ಕಾಯಿಲೆ ಬೇಗ ಬರಲೆಂದು ಇಲಿಗಳಿಗೆ ಕೊಟ್ಟಿರುವ ಜೀನು ವಿಪರೀತ ಉದ್ದ, ಹಾಗಾಗಿ ಅವುಗಳ ಗೆರೆ ತುಂಬ ಮೇಲೆ. ಸಾದಾ ಇಲಿಯ ಸಾಲು ಖಾಲಿ.

ಕೊನೆಯಲ್ಲಿ ತಾಳೆ ನೋಡಲಿಕ್ಕೆ ಎರಡು ಸಾಲು ಇಡುತ್ತಾರೆ. ಒಂದು ಕಾಯಿಲೆಯಿಲ್ಲದ ಮನುಷ್ಯರದು. ಆ ಲ್ಯಾಬಿನಲ್ಲಿ ಯಾವ ಕಾಲದಿಂದಲೋ ಅದು ವೀಟ್ಸ್ಕೆಯ ಎಂಜಲು. ಲ್ಯಾಬಿನ ಹಳೆಯ ಕೆಲಸಗಾರ್ತಿ, ಉತ್ತರದ ಫ್ರೀಸ್‌ಲಾಂಡಿನ ಕಡೆಯವಳು, ಕ್ರೈನಾಳಿಗಿಂತ ಇಪ್ಪತ್ತು ವರ್ಷ ದೊಡ್ಡವಳು, ಬಾಯಿ ಜೋರು. ಒಂದು ಸಲ ಟ್ಯೂಬಿಗೆ ಉಗಿದು ಕೊಟ್ಟವಳು ಅಲ್ಲಿಂದ ಲ್ಯಾಬಿನ ಅಳತೆಗೋಲೇ ಆಗಿಬಿಟ್ಟಿದ್ದಳು. ಅವಳ ಸಾಲಿನಲ್ಲಿ ತಾಯಿಯದೊಂದು ತಂದೆಯದೊಂದು ಎರಡು ಗೆರೆ, ಎರಡೂ ತಳದಲ್ಲಿ. ಅದರ ಪಕ್ಕದ್ದು, ಹಲಗೆಯ ಅಂಚಿನದು, ಬರಿನೀರಿನ ಸಾಲು. ಅದಕ್ಕೆಂದೇ ಒಂದು ಪುಟ್ಟ ಶೀಶೆಯಲ್ಲಿ ನೀರು ಬೇರೆಯಾಗಿ ಇರುತ್ತದೆ. ಅದರಲ್ಲಿ ಏನೂ ಕಾಣಕೂಡದು. ಕಂಡರೆ ಎಲ್ಲೋ ಏನೋ ಬೆರೆತಿದೆ ಎಂದರ್ಥ. ಎಲ್ಲವನ್ನೂ ಚೆಲ್ಲಿ ಮೊದಲಿನಿಂದ ಮಾಡಬೇಕು.

ಮೇಲಿನ ಇಲಿಗೆರೆಗಳಿಗೂ ತಳದ ವೀಟ್ಸ್ಕೆ ಗೆರೆಗಳಿಗೂ ನಡುವೆ ಬೆರಳಗಲ ಕಪ್ಪು ಜಾಗವಿರುತ್ತದೆ. ಕಾಯಿಲೆಯಿರುವ ಮನುಷ್ಯರ ಗೆರೆ ಬಂದರೆ ಅಲ್ಲಿ ಬರಬೇಕು. ರೋಗಿಗಳ ಪರೀಕ್ಷೆ ನಡೆಯುವುದು ಆಸ್ಪತ್ರೆಯಲ್ಲಿ, ಇಲ್ಲಲ್ಲ. ಹಾಗಾಗಿ ಆ ಜಾಗ ಯಾವತ್ತೂ ಖಾಲಿ. ಕ್ರೈನಾ ಇಷ್ಟು ವರ್ಷ ಅದರ ಮೇಲೆ ಕಣ್ಣು ನಿಲ್ಲಿಸದೆ ದಾಟಿಸಿಕೊಂಡು ಬಂದಿದ್ದಳು. ಅವಳ ಅಪ್ಪ ಸತ್ತದ್ದು ಇದೇ ಕಾಯಿಲೆಯಿಂದ.

ಅಪ್ಪ ಲೇಂಡರ್ಟ್ ಕಡಲತೀರದ ಕಾಟ್‌ವೈಕ್‌ನ ಮೀನುಗಾರ. ನಲವತ್ತು ದಾಟಿದ ಮೇಲೆ ಭಾನುವಾರ ಚರ್ಚಿಗೆ ಹೋಗುವ ದಾರಿಯಲ್ಲಿ ತೂರಾಡತೊಡಗಿದ. ಬೆಳಿಗ್ಗೆಯೇ ಏರಿಸಿಕೊಂಡು ಬಂದಿದ್ದಾನೆ ಎಂದು ಜನ ಮುಸಿಮುಸಿ ನಕ್ಕರು. ಜೀವಮಾನದಲ್ಲಿ ಒಂದು ಗುಟುಕು ಮುಟ್ಟದ ಮನುಷ್ಯ. ಕೊನೆಕೊನೆಗೆ ಊಟದ ಮೇಜಿನ ಮೇಲೆ ಅವನ ಬೆರಳುಗಳು ಯಾವುದೋ ಪಿಯಾನೋ ನುಡಿಸುತ್ತಿರುವಂತೆ ಆಡುತ್ತಲೇ ಇರುತ್ತಿದ್ದವು. ಅವನನ್ನು ಹೂಳುವಾಗ ಕ್ರೈನಾಳಿಗೆ ಹತ್ತೊಂಬತ್ತು.

ಇಪ್ಪತ್ತೈದರಲ್ಲಿ ಅವಳು ಆಸ್ಪತ್ರೆಯ ಬಾಗಿಲವರೆಗೂ ಹೋದಳು. ಒಳಗೆ ಒಬ್ಬ ಹೆಂಗಸು ಬಹಳ ಮೃದುವಾಗಿ ಮಾತಾಡಿಸಿದಳು. ತಿಳಿದುಕೊಳ್ಳುವ ಹಕ್ಕು ಎಷ್ಟಿದೆಯೋ ತಿಳಿದುಕೊಳ್ಳದಿರುವ ಹಕ್ಕೂ ಅಷ್ಟೇ ಇದೆ ಎಂದಳು. ಕ್ರೈನಾಳಿಗೆ ಎರಡನೆಯದು ಹಿಡಿಸಿತು. ಕೋಟು ಹಾಕಿಕೊಂಡು ಬಂದುಬಿಟ್ಟಳು, ಮತ್ತೆ ಆ ಕಡೆ ತಲೆಹಾಕಲಿಲ್ಲ. ಗೊತ್ತಿಲ್ಲದೆ ಬದುಕುವುದನ್ನು ಕಲಿತಳು. ಚಹಾದ ಬಟ್ಟಲು ಕೈಜಾರಿದರೆ ಇಡೀ ದಿನ ಹಾಳಾಗುವುದೊಂದು ಬಿಟ್ಟರೆ ಚೆನ್ನಾಗಿಯೇ ಬದುಕಿದಳು. ಆಮೇಲೆ ಬ್ರಾಮ್ ಸಿಕ್ಕಿದ. ರೈಲು ಓಡಿಸುವವನು, ನಿಧಾನದ ಮನುಷ್ಯ. ಅವನಿಗೆ ಮಗು ಬೇಕಿತ್ತು. ಇವಳಿಗೂ ಬೇಕಿತ್ತು, ಆದರೆ ಬಾಯಿಬಿಟ್ಟು ಹೇಳಲು ಆಗುತ್ತಿರಲಿಲ್ಲ. ಹೌದು ಎಂದರೆ ತನ್ನ ಸಾಲಿನಲ್ಲಿ ಏನಿದೆಯೋ ಅದನ್ನು ಇನ್ನೊಂದು ಜೀವದ ಕೊರಳಿಗೆ ಕಟ್ಟಿದಂತೆ. ಬೇಡ ಎನ್ನಲೂ ಮನಸ್ಸಿಲ್ಲ. ಹೀಗೆ ನಾಲ್ಕು ವರ್ಷ ಕಳೆದು ಅವಳಿಗೆ ಮೂವತ್ತಾರಾಗಿತ್ತು. ಬ್ರಾಮ್ ಕೇಳುವುದನ್ನೂ ನಿಲ್ಲಿಸಿದ್ದ.

ಇಷ್ಟೆಲ್ಲ ಇದ್ದೂ ಇವಳು ಈ ಕೆಲಸಕ್ಕೇ ಯಾಕೆ ಬಂದಳು ಎಂದು ಯಾರಾದರೂ ಕೇಳಬಹುದು. ವೀಟ್ಸ್ಕೆ ಕೇಳಿದ್ದಳು ಕೂಡ. ಲ್ಯಾಬಿನಲ್ಲಿ ವಿಷಯ ಗೊತ್ತಿದ್ದವಳು ಅವಳೊಬ್ಬಳೇ. ಕ್ರೈನಾ ಸುಮ್ಮನೆ ಹೆಗಲು ಹಾರಿಸಿದ್ದಳು. ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ.

ಆ ಗುರುವಾರ ಪಕ್ಕದ ಕೋಣೆಯ ಯೋಸ್ಟ್‌ಗೆ ಮಗು ಹುಟ್ಟಿದ ಸಂಭ್ರಮ. ಮಗು ಹುಟ್ಟಿದರೆ ದುಂಡನೆಯ ರಸ್ಕಿಗೆ ಬೆಣ್ಣೆ ಬಳಿದು, ಮೇಲೆ ಸಕ್ಕರೆ ಸುತ್ತಿದ ಸೋಂಪಿನ ಕಾಳು ಉದುರಿಸಿ ಎಲ್ಲರಿಗೂ ಹಂಚುವುದು ಅಲ್ಲಿನ ಪದ್ಧತಿ. ಒಂದೊಂದು ಕಾಳಿಗೂ ಪುಟ್ಟ ಬಾಲವಿರುವುದರಿಂದ ಅದಕ್ಕೆ ಇಲಿಮರಿ ಎಂದೇ ಹೆಸರು. ಕಾಫಿ ಕೋಣೆಯಲ್ಲಿ ನಗು ಕೇಳಿಸುತ್ತಿತ್ತು. ಕ್ರೈನಾ ಹೋಗಲಿಲ್ಲ. ಟ್ಯೂಬುಗಳ ಮುಚ್ಚಳ ತೆರೆದಿದೆ, ಆಮೇಲೆ ಬರುತ್ತೇನೆ ಎಂದು ನೆಪ ಹೇಳಿ ಬೆಂಚಿನ ಮುಂದೆಯೇ ಕುಳಿತಳು. ಸ್ವಲ್ಪ ಹೊತ್ತಿಗೆ ವೀಟ್ಸ್ಕೆ ತಟ್ಟೆ ಹಿಡಿದುಕೊಂಡು ಒಳಗೇ ಬಂದಳು.

"ತಗೋ, ತಿನ್ನು. ಹೆಣ್ಣು ಮಗುವಂತೆ. ನೀನು ಬರ್ಲಿಲ್ಲ ಅಂತ ಯೋಸ್ಟ್ ಮುಖ ಸಣ್ಣ ಮಾಡ್ಕೊಂಡಿದ್ದಾನೆ."

"ಇಲ್ಲಿ ತಿನ್ನೋ ಹಾಗಿಲ್ಲ ವೀಟ್ಸ್ಕೆ. ಬಾಗಿಲ ಮೇಲೆ ಬರೆದು ಅಂಟಿಸಿರೋಳೇ ನೀನು."

"ಅಂಟಿಸಿದೋಳೂ ನಾನೇ, ಕಣ್ಣು ಮುಚ್ಕೊಳ್ಳೋಳೂ ನಾನೇ. ಬಾಯಿ ತೆಗಿ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನೀನು."

ಕ್ರೈನಾ ಕೈಗವಸು ಕಳಚಿ ಒಂದು ತುತ್ತು ಕಚ್ಚಿದಳು. ಆ ರಸ್ಕು ಎಂಥದೆಂದರೆ, ಮಹಾರಾಣಿ ಕಚ್ಚಿದರೂ ಮಡಿಲ ತುಂಬ ಪುಡಿ.

"ಫೋಟೋ ತೋರಿಸ್ತಾ ಕೂತಿದ್ದಾನೆ," ಎಂದಳು ವೀಟ್ಸ್ಕೆ, ತಾನೂ ಒಂದನ್ನು ಅಗಿಯುತ್ತ. "ಮೂಗು ನೋಡಿ, ಥೇಟ್ ನಂದೇ ಅಂತಾನೆ. ಅಯ್ಯೋ ಪಾಪ! ಆ ಮೂಗು ಒಂದು ಹೆಣ್ಣು ಮಗೂಗೆ ಯಾಕಪ್ಪಾ ಬೇಕಿತ್ತು? ನಮ್ಮ ಇಲಿಗಳಿಗಾದ್ರೂ ಏನು ಕೊಡ್ಬೇಕು ಅಂತ ಯೋಚಿಸಿ ಕೊಡ್ತೀವಿ."

ಯೋಸ್ಟ್‌ನ ಮೂಗು ನೆನೆದು ಕ್ರೈನಾಳಿಗೆ ನಗು ತಡೆಯಲಾಗಲಿಲ್ಲ. ಬಾಯಲ್ಲಿದ್ದ ರಸ್ಕಿನ ಪುಡಿ ಫುಸ್ಸೆಂದು ಬೆಂಚಿನ ಮೇಲೆಲ್ಲ ಹಾರಿತು. ಗುಲಾಬಿ ಬಣ್ಣದ ಒಂದು ಸೋಂಪಿನ ಕಾಳು ಉರುಳಿಕೊಂಡು ಹೋಗಿ ಟ್ಯೂಬುಗಳ ಕಾಲಬಳಿ ನಿಂತಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ಇನ್ನಷ್ಟು ನಕ್ಕರು. ವೀಟ್ಸ್ಕೆ ತಟ್ಟೆ ತೆಗೆದುಕೊಂಡು ಹೊರಟಳು. ಅವಳಿಗೆ ಅವತ್ತು ಹಲ್ಲಿನ ಡಾಕ್ಟರ ಹತ್ತಿರ ಹೋಗುವುದಿತ್ತು, ಶುಕ್ರವಾರ ಅವಳ ವಾರದ ರಜಾ. ಕ್ರೈನಾ ಬೆಂಚು ಒರೆಸಿದಳು. ನಿಯಮದ ಪ್ರಕಾರ ಆ ಟ್ಯೂಬುಗಳನ್ನು ಚೆಲ್ಲಬೇಕಿತ್ತು. ಹೊಟ್ಟೆಯೊಳಗೆ ಇನ್ನೂ ನಗು ಇತ್ತು, ಚೆಲ್ಲಲು ಮನಸ್ಸು ಬರಲಿಲ್ಲ. ಮುಚ್ಚಳ ಒತ್ತಿ ಯಂತ್ರಕ್ಕೆ ಹಾಕಿದಳು.

ಮಧ್ಯಾಹ್ನ ಚಿತ್ರ ಪರದೆಯ ಮೇಲೆ ಬಂದಾಗ ಕೋಣೆಯಲ್ಲಿ ಅವಳೊಬ್ಬಳೇ. ಮರಿಗಳ ಸಾಲು ನೋಡಿದಳು: ಬಂದಿದೆ, ಬಂದಿಲ್ಲ, ಬಂದಿಲ್ಲ, ಬಂದಿದೆ. ವೀಟ್ಸ್ಕೆಯ ಜೋಡಿ ಅದರ ಜಾಗದಲ್ಲಿತ್ತು. ಅದರಾಚೆ, ಬರಿನೀರಿನ ಸಾಲಿನಲ್ಲಿ ಏನೋ ಮಿಣುಕಿತು.

ತನಗೆ ತಿಳಿಯುವ ಮೊದಲೇ ಅವಳ ಅಂಗೈ ಆ ಸಾಲನ್ನು ಮುಚ್ಚಿತ್ತು.

ರಸ್ಕಿನ ಪುಡಿ. ಯಂತ್ರ ಹುಡುಕುವುದು ಮನುಷ್ಯರ ಜೀನನ್ನು. ಅದು ಇಲಿಯ ಕಿವಿಯಿಂದ ಬಂತೋ ಕ್ರೈನಾಳ ಬಾಯಿಂದ ಬಂತೋ ಅದಕ್ಕೇನು ಗೊತ್ತು. ಹನ್ನೊಂದು ವರ್ಷದ ಹಿಂದೆ ಆಸ್ಪತ್ರೆಯಲ್ಲಿ ಬೇಡವೆಂದು ಬಿಟ್ಟುಬಂದದ್ದು ಈಗ ಅವಳ ಅಂಗೈಯಡಿ ಬಂದು ಕೂತಿತ್ತು. ಕೈಯನ್ನು ಹಾಗೇ ಇಟ್ಟುಕೊಂಡು ಇನ್ನೊಂದು ಕೈಯಿಂದ ಪರದೆ ಆರಿಸಿದರೆ ಮುಗಿಯಿತು. ಚಿತ್ರ ಅಳಿಸುವ ಹಾಗಿಲ್ಲ ಎಂಬುದು ನಿಯಮ. ಆದರೆ ನಿಯಮ ಮುರಿಯುವುದರಲ್ಲಿ ಅವತ್ತು ಆಗಲೇ ಬೋಣಿಯಾಗಿತ್ತು. ಭಯ ಎಂದರೆ ಭಯ. ಹೀಗೇ ಎಷ್ಟು ಹೊತ್ತು ಕುಳಿತಿದ್ದಳೋ, ಆಮೇಲೆ ಕೈ ತೆಗೆದಳು. ಯಾರೂ ಎಳೆಯಲಿಲ್ಲ. ಅವಳೇ ತೆಗೆದಳು.

ಎರಡು ಗೆರೆ. ಎರಡೂ ತಳದಲ್ಲಿ. ನಡುವಿನ ಕಪ್ಪು ಜಾಗ ಖಾಲಿ.

ವೀಟ್ಸ್ಕೆಯದೇ ಇರಬಹುದಲ್ಲ ಎಂದು ಅವಳೊಳಗಿನ ಕೆಲಸದವಳು ಎಚ್ಚರಿಸಿದಳು. ಪರದೆಗೆ ಮೂಗು ತಾಗುವಂತೆ ಬಾಗಿ ನೋಡಿದಳು. ಈ ಗೆರೆಗಳು ಪಕ್ಕದ ವೀಟ್ಸ್ಕೆಯ ಗೆರೆಗಳಿಗಿಂತ ಕೂದಲೆಳೆಯಷ್ಟು ಮೇಲಿದ್ದವು. ಅಳತೆಪಟ್ಟಿ ಇಟ್ಟು ನೋಡಿದಳು, ಹೌದು, ಮೇಲೇ. ಅಂದರೆ ವೀಟ್ಸ್ಕೆಯದಲ್ಲ. ಅಷ್ಟು ಹತ್ತಿರದಲ್ಲಿ ಬಾಯಿ ತೆರೆದು ನಕ್ಕವಳು ಇನ್ನೊಬ್ಬಳೇ. ಅಂದರೆ ತನ್ನದು. ತನ್ನವು ಎರಡೂ ತಳದಲ್ಲಿವೆ! ಕ್ರೈನಾ ಕುರ್ಚಿಯಲ್ಲಿ ಕುಳಿತು ಬಿಕ್ಕಿಬಿಕ್ಕಿ ಅತ್ತಳು. ಅಪ್ಪ ಸತ್ತಾಗಲೂ ಅವಳು ಹಾಗೆ ಅತ್ತಿರಲಿಲ್ಲ.

ಮನೆಯವರೆಗೂ ಕಾಲುವೆ ಪಕ್ಕದ ದಾರಿಯಲ್ಲಿ ಎದುರುಗಾಳಿ. ಅವಳಿಗೆ ಗಾಳಿಯೇ ಗೊತ್ತಾಗಲಿಲ್ಲ. ಸೈಕಲ್ ಗೋಡೆಗೆ ಒರಗಿಸಿ ಒಳಗೆ ನುಗ್ಗಿದಾಗ ಬ್ರಾಮ್ ಒಲೆಯ ಮುಂದೆ ಆಲೂಗಡ್ಡೆ ಹಿಸುಕುತ್ತಿದ್ದ.

"ಬ್ರಾಮ್, ನಮಗೊಂದು ಮಗು ಆಗ್ಲಿ," ಎಂದಳು.

ಬ್ರಾಮ್ ಹಿಸುಕುವುದನ್ನು ನಿಲ್ಲಿಸಿದ. "ಕೋಟಾದ್ರೂ ಬಿಚ್ಚೇ," ಎಂದ. ಆಮೇಲೆ, "ಏನಂದೆ? ಇನ್ನೊಂದ್ಸಲ ಹೇಳು."

"ಹೌದು ಅಂದೆ. ನೀನು ಕೇಳ್ತಿದ್ಯಲ್ಲ, ಅದಕ್ಕೆ ಹೌದು."

ಊಟಕ್ಕೆ ಕುಳಿತ ಮೇಲೆ ಕಾರಣ ಹೇಳಿದಳು. ಬ್ರಾಮ್ ಎಲ್ಲವನ್ನೂ ಕೇಳಿಸಿಕೊಂಡು, ಸಾಸೇಜನ್ನು ತಟ್ಟೆಯಲ್ಲಿ ಅತ್ತಿಂದಿತ್ತ ಸರಿಸಿದ.

"ರಸ್ಕಿನ ಪುಡಿಯಿಂದ ಗೊತ್ತಾಯ್ತಾ? ಇದು ಆಸ್ಪತ್ರೆಲಿ ನೋಡೋದಲ್ವಾ?"

"ಆಸ್ಪತ್ರೆಯೋರೂ ಇದೇ ಗೆರೆನೇ ನೋಡೋದು ಕಣೋ. ಒಂಬತ್ತು ವರ್ಷದಿಂದ ನೋಡ್ತಿದ್ದೀನಿ, ನಂಗೆ ಹೇಳಿಕೊಡ್ತೀಯಾ?"

"ನಾನ್ಯಾಕೆ ಹೇಳಿಕೊಡ್ಲಿ. ನಾನು ಸಿಗ್ನಲ್ ಹಸಿರಾದ್ರೆ ಹೊರಡೋನು," ಎಂದ ಬ್ರಾಮ್. ಅವನ ಕಣ್ಣು ತುಂಬಿತ್ತು.

ಭಾನುವಾರ ಅವಳು ಕಾಟ್‌ವೈಕ್‌ಗೆ ಹೋದಳು. ಅಮ್ಮ ನೆಲ್ಲಾ ಚರ್ಚಿನಿಂದ ಬಂದು ಕಾಫಿ ಬಸಿದಿದ್ದಳು. ಬಿಸ್ಕತ್ತಿನ ಡಬ್ಬಿ ತೆರೆದು ಮಗಳಿಗೊಂದು ಕೊಟ್ಟು, ತಾನೊಂದು ತೆಗೆದುಕೊಂಡು, ಮುಚ್ಚಳ ಒತ್ತಿದಳು. ಆ ಮನೆಯಲ್ಲಿ ಎರಡನೆಯ ಬಿಸ್ಕತ್ತು ಯಾರೂ ಕಂಡದ್ದಿಲ್ಲ. ಕ್ರೈನಾ ವಿಷಯ ಹೇಳಿದಳು. ಅಮ್ಮ ಅಳುತ್ತಾಳೆ, ಅಪ್ಪಿಕೊಳ್ಳುತ್ತಾಳೆ ಎಂದುಕೊಂಡಿದ್ದಳು. ನೆಲ್ಲಾ ಕಿಟಕಿಯಾಚೆ ನೋಡುತ್ತ ಕುಳಿತಳು.

"ನಿಮಗೆ ಸಂತೋಷ ಆಗ್ಲಿಲ್ವಾ ಅಮ್ಮ?"

"ಆಯ್ತು. ಯಾಕಾಗಲ್ಲ? ದೇವರು ದೊಡ್ಡೋನು." ನೆಲ್ಲಾ ಬಟ್ಟಲು ಕೆಳಗಿಟ್ಟಳು. "ತಪ್ಪಿಸ್ಕೊಂಡೆ ತಪ್ಪಿಸ್ಕೊಂಡೆ ಅಂತೀಯಲ್ಲ, ಯಾರಿಂದ ಅಂತ ಯೋಚಿಸ್ತಿದ್ದೆ. ನಿಮ್ಮಪ್ಪನಿಂದಾನಾ?"

"ಅಪ್ಪನಿಂದಲ್ಲ, ಕಾಯಿಲೆಯಿಂದ. ನಿಮಗೆ ಆಗ ಏನೂ ಗೊತ್ತಿರ್ಲಿಲ್ಲ, ನಿಮ್ಮ ಕಾಲ ಬೇರೆ. ನಂಗೆ ಎಲ್ಲಾ ಗೊತ್ತಿದೆಯಲ್ಲಮ್ಮ."

"ಗೊತ್ತಿರ್ಲಿಲ್ಲ ಅಂತ ಯಾರು ಹೇಳಿದ್ದು ನಿಂಗೆ?"

ಕ್ರೈನಾ ಅಮ್ಮನ ಮುಖ ನೋಡಿದಳು.

"ನಾನು ಮದುವೆಯಾಗಿ ಬಂದಾಗ ನಿಮ್ಮ ತಾತನ್ನ ಕುರ್ಚಿಗೆ ಕಟ್ಟಿ ಊಟ ಮಾಡಿಸ್ತಿದ್ರು. ತುತ್ತು ಕೊಡ್ತಿದ್ದೋಳು ನಾನೇ. ಆ ಮನೇಲಿ ನರ ಸರಿಯಿಲ್ಲ, ಮಕ್ಕಳಿಗೂ ಬರುತ್ತೆ ಅಂತ ಊರಲ್ಲಿ ಯಾರಿಗೆ ಗೊತ್ತಿರ್ಲಿಲ್ಲ? ನಮ್ಮಮ್ಮ ಬಾಗಿಲಲ್ಲಿ ನಿಂತು ಕೂಗಾಡಿದ್ಲು. ಡಾಕ್ಟ್ರೂ ಹೇಳಿದ್ರು. ನೀನು ಹೊಟ್ಟೇಲಿದ್ದಾಗ ದಿನಾ ರಾತ್ರಿ ಅದನ್ನೇ ಯೋಚಿಸ್ತಾ ಮಲಗ್ತಿದ್ದೆ."

"ಮತ್ತೆ ಯಾಕಮ್ಮ?"

"ಯಾಕೆ ಅಂದ್ರೆ ಏನು ಹೇಳ್ಲಿ. ನೀನು ಬೇಕಿತ್ತು."

ನೆಲ್ಲಾ ಬಿಸ್ಕತ್ತಿನ ಡಬ್ಬಿ ಎಳೆದುಕೊಂಡು ಮುಚ್ಚಳ ತೆರೆದು ಮಗಳ ಮುಂದೆ ತಳ್ಳಿದಳು, ಮುಚ್ಚಲಿಲ್ಲ. ಕ್ರೈನಾ ಎರಡನೆಯದನ್ನು ತೆಗೆದುಕೊಂಡಳು, ಆದರೆ ರುಚಿ ಹತ್ತಲಿಲ್ಲ. ಮರಳುದಿಬ್ಬಗಳ ನಡುವೆ ಸೈಕಲ್ ತುಳಿಯುತ್ತ ವಾಪಸು ಬರುವಾಗ ಅವಳಿಗೆ ಸಿಟ್ಟು ಉಕ್ಕುತ್ತಿತ್ತು. ಅಮ್ಮನಿಗೆ ಗೊತ್ತಿತ್ತು! ಎಲ್ಲ ಗೊತ್ತಿದ್ದೂ ತನ್ನನ್ನು ಹೆತ್ತಿದ್ದಾಳೆ. ಎಂಥ ಸ್ವಾರ್ಥ, ಎಂಥ ಧೈರ್ಯ ಎಂದುಕೊಂಡಳು. ಅವೆರಡರಲ್ಲಿ ಯಾವುದು ಎಂದು ಮನೆ ಮುಟ್ಟಿದರೂ ತೀರ್ಮಾನವಾಗಲಿಲ್ಲ. ತನಗೆ ಆ ಚಿಂತೆ ಈಗಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡಳು.

ಸೋಮವಾರ ಅವಳು ಕೋಟು ತೂಗುಹಾಕುವ ಮೊದಲೇ ವೀಟ್ಸ್ಕೆ ಪರದೆಯ ಮುಂದೆ ಕುಳಿತು ತಲೆ ಚಚ್ಚಿಕೊಳ್ಳುತ್ತಿದ್ದಳು.

"ಥೂ, ನನ್ನ ಬುದ್ಧಿಗಿಷ್ಟು! ಅದೇ ಶೀಶೆ ಉಪಯೋಗಿಸಿದ್ಯಾ ನೀನು? ಬರಿನೀರಿಂದು?"

"ಯಾವ ಶೀಶೆ?"

"ನೀನು ರಜಾ ಹಾಕಿ ದ್ವೀಪಕ್ಕೆ ಹೋಗಿದ್ಯಲ್ಲ, ಆ ವಾರ ನಾನೇ ಮರಿಗಳದು ಮಾಡಿದ್ದು. ನನ್ನ ಎಂಜಲು ಹೀರಿದ ಕೊಳವೆನ ಮರೆತು ಆ ಪುಟ್ಟ ಶೀಶೆಗೆ ಅದ್ದಿಬಿಟ್ಟೆ. ನನ್ನ ಚಿತ್ರದಲ್ಲೂ ಇದೇ ಎರಡು ಗೆರೆ ಬಂತು. ಚೆಲ್ಲೋಣ ಅಂತ ಪಕ್ಕಕ್ಕಿಟ್ಟಿದ್ದೆ, ಯಾರೋ ಪುಣ್ಯಾತ್ಮರು ಎತ್ತಿ ವಾಪಸು ಜೋಡಿಸಿದ್ದಾರೆ. ನಾನೇ ಇರ್ಬೇಕು, ಇನ್ಯಾರು. ವಯಸ್ಸಾಯ್ತು, ನನ್ನನ್ನೂ ಪಂಜರಕ್ಕೆ ಹಾಕಿ."

ಕ್ರೈನಾ ನಿಂತೇ ಇದ್ದಳು. "ಅದು ನಿಂದಲ್ಲ," ಎಂದಳು.

"ನಂದಲ್ದೆ ಇನ್ಯಾರ್ದು?"

"ಮೇಲಿದೆ ಅದು. ನಿನ್ನ ಗೆರೆಗಿಂತ ಮೇಲಿದೆ ನೋಡು. ಕೂದಲೆಳೆಯಷ್ಟು. ನಾನು ಅಳತೆ ಇಟ್ಟು ನೋಡಿದ್ದೀನಿ."

"ಅಂಚಿನ ಸಾಲಲ್ವೇನೇ!" ವೀಟ್ಸ್ಕೆ ನಕ್ಕಳು. "ಅಂಚಿಂದು ಯಾವತ್ತು ನೇರ ಓಡಿದೆ? ಹಲಗೆ ನಡುವೆ ಬಿಸಿ, ಅಂಚಲ್ಲಿ ತಣ್ಣಗೆ, ಅಂಚಿಂದು ಹಿಂದೆ ಬೀಳುತ್ತೆ. ಹೊಸದಾಗಿ ಬರೋ ಹುಡುಗರಿಗೆ ಮೊದಲನೇ ದಿನ ನೀನೇ ಹೇಳ್ಕೊಡ್ತೀಯ, ಅಂಚಿನ ಸಾಲು ನಂಬಬೇಡಿ ಅಂತ. ಇವತ್ತೇನು..."

ಅಷ್ಟರಲ್ಲಿ ಅವಳು ಕ್ರೈನಾಳ ಮುಖ ನೋಡಿದಳು. ನಗು ಅಲ್ಲೇ ನಿಂತಿತು.

"ಓ," ಎಂದಳು. "ಆ ರಸ್ಕು. ನೀನು ಇದನ್ನ ನಿಂದು ಅಂದ್ಕೊಂಡ್ಯಾ?"

ಕ್ರೈನಾ ಹೌದೆಂದು ತಲೆಯಾಡಿಸಿದಳು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರೆ. ಆಸೆಯೂ ಒಂದು ಕಾಮಾಲೆಯೇ. ಇಲ್ಲವಾದರೆ ಬೇರೆಯವರು ಮಾಡಿದ್ದರೆ ದೂರದಿಂದಲೇ ಹಿಡಿಯುತ್ತಿದ್ದ ತಪ್ಪನ್ನು ಅವಳು ಅಳತೆಪಟ್ಟಿ ಇಟ್ಟುಕೊಂಡು ಮಾಡುತ್ತಿರಲಿಲ್ಲ.

ಇಬ್ಬರೂ ಸೇರಿ ಮತ್ತೊಂದು ಹಲಗೆ ಎರೆದರು. ಹಳೆಯ ಶೀಶೆಯ ನೀರನ್ನು ಈ ಸಲ ಅಂಚಿನಲ್ಲಿ ಇಡಲಿಲ್ಲ. ನಟ್ಟನಡುವೆ, ವೀಟ್ಸ್ಕೆಯ ಸಾಲಿನ ಮಗ್ಗುಲಲ್ಲೇ ಇಟ್ಟರು. ಹೊಸ ಶೀಶೆಯ ನೀರು ಅಂಚಿಗೆ ಹೋಯಿತು. ಮಧ್ಯಾಹ್ನದ ಚಿತ್ರದಲ್ಲಿ ಅಂಚು ಖಾಲಿಯಾಗಿತ್ತು. ಹಳೆಯ ನೀರಿನ ಎರಡು ಗೆರೆ ವೀಟ್ಸ್ಕೆಯ ಎರಡು ಗೆರೆಗೆ ಎಳೆದು ಕೂರಿಸಿದ ಹಾಗೆ ಸಮ ನಿಂತಿದ್ದವು. ರಸ್ಕಿನ ಪುಡಿಯ ಪಾಲು ಏನೂ ಇರಲಿಲ್ಲ. ಕ್ರೈನಾಳ ಬಗ್ಗೆ ಆ ಹಲಗೆಗೆ ಒಂದಕ್ಷರವೂ ಗೊತ್ತಿರಲಿಲ್ಲ.

ಅವಳು ಎದ್ದು ಇಲಿಗಳ ಕೋಣೆಗೆ ಹೋದಳು. ಸೋಮವಾರದ ಪರೀಕ್ಷೆ ಬಾಕಿಯಿತ್ತು. ಬಾಲ ಹಿಡಿದು ಎತ್ತಿದರೆ ಆರೋಗ್ಯದ ಇಲಿ ಕಾಲನ್ನು ಅಗಲಿಸುತ್ತದೆ, ಕಾಯಿಲೆಯದು ನಾಲ್ಕೂ ಪಾದವನ್ನು ಹೊಟ್ಟೆಗೆ ಒತ್ತಿ ಮುದುಡಿಕೊಳ್ಳುತ್ತದೆ. ಮೊದಲನೆಯದು ಅಗಲಿಸಿತು. ಎರಡನೆಯದು ಮುದುಡಿತು. ಅದನ್ನು ಇಳಿಸಿ ತೋಳಿನ ಮೇಲೆ ಬಿಟ್ಟುಕೊಂಡಳು. ಅದು ಬಟ್ಟೆಯನ್ನು ಹಿಡಿದುಕೊಂಡು, ಮೂಗು ಕುಣಿಸುತ್ತ, ಮೊಣಕೈಯ ಮಡಿಕೆಯಲ್ಲಿ ಜಾಗ ಮಾಡಿಕೊಂಡು ಕುಳಿತಿತು. ಕಾಯಿಲೆ ಬಂದದ್ದು ಅದಕ್ಕೆ ಗೊತ್ತಿರಲಿಲ್ಲ, ತಿಂಡಿಯ ವಾಸನೆ ಮಾತ್ರ ಗೊತ್ತಿತ್ತು. ಕ್ರೈನಾಳಿಗೆ ಅಪ್ಪನ ಕೈಗಳು ನೆನಪಾದವು. ಆ ಕುಣಿಯುವ ಕೈಗಳಲ್ಲೇ ಅವನು ಅವಳಿಗೆ ಬಲೆಯ ಗಂಟು ಹಾಕುವುದನ್ನು ಕಲಿಸಿದ್ದ. ಒಂದು ಗಂಟಿಗೆ ಇಡೀ ಮಧ್ಯಾಹ್ನ ಹಿಡಿದಿತ್ತು. ಇಬ್ಬರೂ ನಕ್ಕು ನಕ್ಕು ಸುಸ್ತಾಗಿದ್ದರು. ಇಷ್ಟು ವರ್ಷ ಅವಳಿಗೆ ಆ ಕೈಗಳಷ್ಟೇ ನೆನಪಿಗೆ ಬರುತ್ತಿದ್ದವು, ನಗು ನೆನಪಾಗಿರಲಿಲ್ಲ.

ವೀಟ್ಸ್ಕೆ ಎರಡು ಲೋಟ ಕಾಫಿ ಹಿಡಿದು ಕಾರಿಡಾರಿನಲ್ಲಿ ಕಾಯುತ್ತಿದ್ದಳು. ಈ ಸಲ ಒಳಗೆ ತರಲಿಲ್ಲ.

"ನಾನು ಬಾಯಿ ಮುಚ್ಕೊಂಡಿರ್ಬೇಕಿತ್ತು," ಎಂದಳು.

"ಎಷ್ಟು ದಿನ ಮುಚ್ಕೊಂಡಿರ್ತಿದ್ದೆ? ನಿಂಗೆ ಅದು ಆಗದ ಕೆಲಸ."

"ಅದೂ ನಿಜವೇ." ವೀಟ್ಸ್ಕೆ ಕಾಫಿ ಕುಡಿದಳು. "ಒಂದು ಕೇಳ್ತೀನಿ, ಬೈಬೇಡ. ಹನ್ನೊಂದು ವರ್ಷ ನೋಡಲ್ಲ ನೋಡಲ್ಲ ಅಂದೋಳು, ಅವತ್ತು ಯಾಕೆ ನೋಡಿದೆ?"

"ಕೈ ಮುಚ್ಚಿದ್ದೆ."

"ಆಮೇಲೆ?"

"ತೆಗೆದೆ."

"ಹಂಗಾದ್ರೆ ನಿಂಗೆ ನೋಡ್ಬೇಕು ಅಂತಿದೆ ಕಣೇ," ಎಂದಳು ವೀಟ್ಸ್ಕೆ. ಅವಳು ಅಷ್ಟು ಮೆತ್ತಗೆ ಮಾತಾಡಿದ್ದನ್ನು ಕ್ರೈನಾ ಕೇಳಿರಲಿಲ್ಲ.

ಸಂಜೆ ಬ್ರಾಮ್ ಅವಳಿಗಿಂತ ಮೊದಲೇ ಮನೆಗೆ ಬಂದಿದ್ದ. ಅಡುಗೆಮನೆಯ ಕಪಾಟಿನಲ್ಲಿ, ಕಾಫಿಪುಡಿಯ ಪಕ್ಕ, ಸೋಂಪಿನ ಕಾಳಿನ ಎರಡು ಪೊಟ್ಟಣ ಇದ್ದವು. ಒಂದು ಗುಲಾಬಿ, ಒಂದು ನೀಲಿ, ಹೆಣ್ಣಿಗೊಂದು ಗಂಡಿಗೊಂದು. ಶನಿವಾರವೇ ತಂದು ಇಟ್ಟಿದ್ದಾನೆ, ಕೂಸು ಹುಟ್ಟುವ ಮುಂಚೆ ಕುಲಾವಿ. ಕ್ರೈನಾ ಅವನ್ನು ನೋಡಿ ಕುರ್ಚಿ ಎಳೆದುಕೊಂಡು ಕುಳಿತಳು, ಕೋಟು ಬಿಚ್ಚದೆಯೇ ಎಲ್ಲವನ್ನೂ ಹೇಳಿದಳು. ಶೀಶೆ, ಅಂಚಿನ ಸಾಲು, ವೀಟ್ಸ್ಕೆಯ ಎಂಜಲು. ನನಗೆ ಇದೆಯೋ ಇಲ್ಲವೋ, ಗುರುವಾರಕ್ಕಿಂತ ಮೊದಲು ಎಷ್ಟು ಗೊತ್ತಿತ್ತೋ ಈಗಲೂ ಅಷ್ಟೇ ಗೊತ್ತಿರುವುದು ಎಂದಳು.

ಬ್ರಾಮ್ ಸಮಾಧಾನದ ಮಾತು ಹೇಳಲಿಲ್ಲ, ಅದು ಅವನಿಗೆ ಬರುವುದಿಲ್ಲ. ಎದ್ದು ಹೋಗಿ ಆ ಎರಡು ಪೊಟ್ಟಣಗಳನ್ನು ತೆಗೆದು, ಕಪಾಟಿನ ಹಿಂದುಗಡೆ ಎಲ್ಲಾದರೂ ಕಣ್ಣಿಗೆ ಬೀಳದ ಹಾಗೆ ಇಡಲು ಜಾಗ ಹುಡುಕತೊಡಗಿದ.

"ಯಾಕೆ ಎತ್ತಿಡ್ತೀಯ?" ಎಂದಳು ಕ್ರೈನಾ.

"ಸುಮ್ನೆ. ಕಣ್ಣಿಗೆ ಬೀಳೋದು ಬೇಡ ಅಂತ."

"ನಾನು ಆಸ್ಪತ್ರೆಗೆ ಹೋಗ್ತೀನಿ ಬ್ರಾಮ್. ಸರಿಯಾಗಿ, ರಕ್ತ ಕೊಟ್ಟು ನೋಡಿಸ್ಕೋತೀನಿ. ರಸ್ಕಿನ ಪುಡಿನ ನಂಬಿ ಕುಣಿಯೋಳು ನಾನು ನೋಡಲ್ಲ ಅಂತ ಹಠ ಮಾಡೋದು ಸುಳ್ಳು ಕಣೋ. ನನ್ನ ಕೈನ ನಾನೇ ತೆಗೆದೆ."

"ಕೆಟ್ಟದ್ದು ಬಂದ್ರೆ?"

"ಬಂದ್ರೆ ಬಂತು. ಅಳ್ತೀನಿ. ನೀನೂ ಅಳು."

ಬ್ರಾಮ್ ಪೊಟ್ಟಣ ಹಿಡಿದುಕೊಂಡೇ ನಿಂತಿದ್ದ.

"ಗುರುವಾರ ಹೇಳಿದ್ಯಲ್ಲ, ಅದು? ಅದಕ್ಕೂ ಆಮೇಲೆ ನೋಡೋಣ ಅಂತಾನಾ?"

ಕ್ರೈನಾ ಬೇರೆಯದೇ ಏನೋ ಹೇಳಲು ಬಾಯಿ ತೆರೆದಳು. ಅಮ್ಮ ಡಬ್ಬಿಯನ್ನು ತನ್ನ ಮುಂದೆ ತಳ್ಳಿದ್ದು, ಮುಚ್ಚದೆ ಬಿಟ್ಟದ್ದು ನೆನಪಾಯಿತು.

"ಅದನ್ನ ಕೋಟು ಬಿಚ್ಚೋ ಮುಂಚೇನೇ ಹೇಳಿದ್ದೆ," ಎಂದಳು. "ಹೇಳಿ ಆಯ್ತಲ್ಲ."

ಬ್ರಾಮ್ ಎರಡೂ ಪೊಟ್ಟಣಗಳನ್ನು ಕಾಫಿಪುಡಿಯ ಪಕ್ಕ ಮೊದಲಿದ್ದಲ್ಲೇ ಇಟ್ಟ. ಆಸ್ಪತ್ರೆಗೆ ಯಾವತ್ತು ಹೋಗುವುದೋ ಮೊದಲೇ ಹೇಳು, ಬುಧವಾರವಾದರೆ ನನಗೂ ರಜಾ ಇರುತ್ತದೆ ಎಂದ.